ತಾರಿಹಾಳದ ಬಿಲೆಟ್ ಬಿರುಕು: ಹಚ್ಚಿದ್ದು ಲೇಸರ್, ತೆಗೆದದ್ದು ಆಕ್ಸಿಜನ್

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಫೋರ್ಜಿಂಗ್ ಯುನಿಟ್ ಇದೆ. ಬಿಲೆಟ್, ಅಂದರೆ ಸ್ಟೀಲಿನ ಚೌಕ ದಿಮ್ಮಿ, ತರಿಸುತ್ತಾರೆ, ತುಂಡು ಮಾಡುತ್ತಾರೆ, ಭಟ್ಟಿಯಲ್ಲಿ ಕಾಯಿಸಿ ಹ್ಯಾಮರ್ ಕೆಳಗೆ ಹೊಡೆಯುತ್ತಾರೆ. ಕೊನೆಗೆ ಹೊರಬರುವುದು ಪೈಪ್ ಜೋಡಿಸುವ ಫ್ಲೇಂಜ್ ಮತ್ತು ವಾಲ್ವಿನ ಮೇಲ್ಮುಚ್ಚಳವಾದ ಬಾನೆಟ್. ಹುಬ್ಬಳ್ಳಿ ಎಂದರೆ ಬಹಳ ಜನರಿಗೆ ರೈಲ್ವೆ ವರ್ಕ್‌ಶಾಪ್ ನೆನಪಾಗುತ್ತದೆ. ಇಂಜಿನಿಯರಿಂಗ್ ಲೈನಿನವರಿಗೆ ಮಾತ್ರ ಇದು ವಾಲ್ವ್‌ಗಳ ಊರು. ಆ ವಾಲ್ವ್ ಕಂಪನಿಗಳಿಗೆ ಮಾಲು ಕೊಟ್ಟು ಬದುಕುವ ಸಣ್ಣ ಯುನಿಟ್‌ಗಳಲ್ಲಿ ಇದೂ ಒಂದು.

ಯುನಿಟ್ಟಿನ ಹೆಸರಾಗಲಿ, ಬಿಲೆಟ್ ಕೊಟ್ಟ ಸ್ಟೀಲ್ ಮಿಲ್ಲಿನ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ನನ್ನದು ಲೋಹದ ತಪಾಸಣೆಯ ಕೆಲಸ. ಕರೆದಾಗ ಹೋಗಿ ನೋಡಿ, ದೋಷ ಎಲ್ಲಿಂದ ಬಂತು ಎಂದು ಹೇಳುವುದು.

ಕರೆದ ಕಾರಣ ಇದು. ಫ್ಲೇಂಜನ್ನು ಲೇಥ್ ಮೇಲೆ ಹಾಕಿ ಮೇಲಿನ ಪದರ ತೆಗೆದರೆ, ಕುತ್ತಿಗೆಯ ಭಾಗದಲ್ಲಿ ಕೂದಲೆಳೆಯಂಥ ಗೆರೆ ಕಾಣುತ್ತಿತ್ತು. ಎಲ್ಲ ಪೀಸಿನಲ್ಲೂ ಅಲ್ಲ, ಅಲ್ಲೊಂದು ಇಲ್ಲೊಂದು. ಗಿರಾಕಿ ಕಂಪನಿಯವರು ಅದನ್ನು ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟಿಗೆ ಹಾಕಿದರು. ಲೋಹವನ್ನು ಅಯಸ್ಕಾಂತ ಮಾಡಿ ಹೊಳೆಯುವ ಕಬ್ಬಿಣದ ಪುಡಿ ಹಾಕಿದರೆ, ಬಿರುಕು ಇದ್ದಲ್ಲಿ ಪುಡಿ ಕೂರುತ್ತದೆ. ಕತ್ತಲಲ್ಲಿ ಯುವಿ ಲೈಟ್ ಹಿಡಿದಾಗ ಗೆರೆ ಹಸಿರಾಗಿ ಹೊಳೆಯಿತು. ಇಡೀ ಲಾಟ್ ವಾಪಸ್. ಒತ್ತಡದಲ್ಲಿ ಹಬೆ, ಗ್ಯಾಸ್ ಹಿಡಿದಿಡಬೇಕಾದ ಭಾಗ ಅದು. ವಾಪಸ್ ಕಳಿಸಿದ್ದು ಸರಿಯಾಗೇ ಇತ್ತು.

ಆಮೇಲೆ ಶುರುವಾಯಿತು ಜಗಳ. ಮಾಲಕರು ಹ್ಯಾಮರ್ ನಡೆಸುವವರ ಮೇಲೆ ಸಿಟ್ಟಾದರು. ಮಿಲ್ಲಿನವರು, ನೀವೇ ಕಾಯಿಸುವುದರಲ್ಲಿ ಎಡವಟ್ಟು ಮಾಡಿದ್ದೀರಿ ಎಂದರು. ಹ್ಯಾಮರ್ ಫೋರ್‌ಮನ್ ಮಾತ್ರ ಮೊದಲಿನಿಂದ ಒಂದೇ ಮಾತು ಹೇಳುತ್ತಿದ್ದರು: "ಸಾಹೇಬ್ರ, ಹೊಡತದಾಗ ತಪ್ಪಿಲ್ರಿ. ಮಾಲಿನಾಗ ಮೊದಲ ಐತಿ."

ಅವರು ಹೇಳಿದ್ದೇ ಸರಿ. ಆದರೆ ಅದನ್ನು ತೋರಿಸಬೇಕಲ್ಲ?

ಬಿರುಕಿನ ವಯಸ್ಸು

ಬಿರುಕು ಯಾವಾಗ ಹುಟ್ಟಿತು ಎಂಬುದನ್ನು ಬಿರುಕೇ ಹೇಳುತ್ತದೆ. ಗೆರೆ ಇದ್ದ ಫ್ಲೇಂಜಿನಿಂದ ಒಂದು ತುಂಡನ್ನು ಗೆರೆಗೆ ಅಡ್ಡಲಾಗಿ ಕತ್ತರಿಸಿ, ಕನ್ನಡಿಯಂತೆ ಪಾಲಿಶ್ ಮಾಡಿ, ನೈಟ್ರಿಕ್ ಆಸಿಡ್ ಬೆರೆಸಿದ ಆಲ್ಕೋಹಾಲಿನಲ್ಲಿ ಕೆಲವು ಸೆಕೆಂಡ್ ಅದ್ದಿದೆವು. ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪ್ ಕೆಳಗಿಟ್ಟಾಗ ಬಿರುಕಿನ ಒಳಗೆ ಬೂದು ಬಣ್ಣದ ಆಕ್ಸೈಡ್ ತುಂಬಿತ್ತು. ಅದರ ಎರಡೂ ದಡದಲ್ಲಿ ಬಿಳಿ ಪಟ್ಟಿ. ಆ ಬಿಳಿ ಪಟ್ಟಿಯೇ ಮುಖ್ಯ. ಅಲ್ಲಿನ ಕಾರ್ಬನ್ ಸುಟ್ಟು ಹೋಗಿದೆ, ಬರೀ ಮೆತ್ತನೆಯ ಕಬ್ಬಿಣ ಉಳಿದಿದೆ. ಕಾರ್ಬನ್ ಹಾಗೆ ಹೋಗಬೇಕಾದರೆ ಬಿರುಕು ಭಟ್ಟಿಯ ಕಾವಿನಲ್ಲಿ ಬಾಯಿ ತೆರೆದುಕೊಂಡು ಬಹಳ ಹೊತ್ತು ಇದ್ದಿರಬೇಕು. ತಣ್ಣಗಾದ ಮೇಲೆ ಬಿಟ್ಟ ಬಿರುಕಿನಲ್ಲಿ ಈ ಪಟ್ಟಿ ಇರುವುದಿಲ್ಲ.

ಇಷ್ಟಕ್ಕೇ ಮಿಲ್ಲಿನ ತಪ್ಪು ಎನ್ನಲು ಬರುವುದಿಲ್ಲ. ಮೊದಲ ಹೊಡೆತದಲ್ಲೇ ಲೋಹ ಮಡಚಿಕೊಂಡು, ಮತ್ತೆ ಭಟ್ಟಿಗೆ ಹೋಗಿದ್ದರೂ ಸ್ವಲ್ಪ ಇದೇ ಥರ ಕಾಣಬಹುದು. ಅದಕ್ಕೆ ಭಟ್ಟಿಯನ್ನೇ ಕಾಣದ ಬಿಲೆಟ್ ತುಂಡುಗಳನ್ನು ತೆಗೆದುಕೊಂಡೆವು. ಹೈಡ್ರೋಕ್ಲೋರಿಕ್ ಆಸಿಡ್ ಮತ್ತು ನೀರು ಅರ್ಧಕ್ಕರ್ಧ, 70–80 ಡಿಗ್ರಿಗೆ ಬಿಸಿ ಮಾಡಿ ಅದರಲ್ಲಿ ಇಟ್ಟೆವು. ಮೇಲಿನ ಕರಿ ಸ್ಕೇಲ್ (ಕಾವಿಗೆ ಹುಟ್ಟಿದ ಆಕ್ಸೈಡ್ ಪದರ) ಬಿಟ್ಟುಕೊಂಡಂತೆ, ಬಿಲೆಟ್ ಉದ್ದಕ್ಕೂ ಹರಿದ ಸೀಳುಗಳು ಕಪ್ಪಗೆ ಎದ್ದು ಕಂಡವು. ಆಳ ಹೆಚ್ಚೆಂದರೆ 2 ಮಿಲಿಮೀಟರ್. ಮಿಲ್ಲಿನಲ್ಲಿ ರೋಲ್ ಆಗುವಾಗ ಎಳೆದುಕೊಂಡು ಬಂದ ಸೀಳು, ಶಾಪ್ ಭಾಷೆಯಲ್ಲಿ ಸೀಮ್. ಒಳಗೆ ಆಕ್ಸೈಡ್ ಇರುವುದರಿಂದ ಎಷ್ಟು ಹೊಡೆದರೂ ಅದು ಬೆಸೆದುಕೊಳ್ಳುವುದಿಲ್ಲ, ಇನ್ನಷ್ಟು ಬಾಯಿ ಬಿಡುತ್ತದೆ.

ಫೋರ್‌ಮನ್ ಆಸಿಡ್ ತೊಟ್ಟಿಯ ಪಕ್ಕ ನಿಂತು ಆ ತುಂಡನ್ನು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಮರುದಿನ ಮಾಲಕರೇ ಅವರ ಹತ್ತಿರ ಹೋಗಿ ಮಾತಾಡಿಸಿದರು ಎಂದು ಆಮೇಲೆ ಗೊತ್ತಾಯಿತು. ತಪಾಸಣೆ ಮಾಡುವವನಿಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ.

ತೆಗೆಯುವುದು ಹೇಗೆ

ಆ ಹೀಟಿನ, ಅಂದರೆ ಮಿಲ್ಲಿನಲ್ಲಿ ಒಂದೇ ಸಲ ಕರಗಿಸಿ ಎರೆದ ಮಾಲಿನ, ಬಿಲೆಟ್ ಇನ್ನೂ ಅಂಗಳದಲ್ಲಿ ರಾಶಿ ಬಿದ್ದಿತ್ತು. ಮಿಲ್ಲಿನವರು ವಾಪಸ್ ತೆಗೆದುಕೊಳ್ಳಲು ತಯಾರಿರಲಿಲ್ಲ. ದುಡ್ಡಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟರು, ಅಷ್ಟೇ. ಮಾಲನ್ನು ಸ್ಕ್ರ್ಯಾಪಿಗೆ ಹಾಕಿದರೆ ಭಾರೀ ನಷ್ಟ. ಹಾಗಾಗಿ ಸೀಳನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸಬೇಕಿತ್ತು.

ಮೊದಲು ಕೈಗೆ ಬಂದದ್ದು ಗ್ರೈಂಡರ್. ಕೆಲಸ ಆಗುತ್ತದೆ, ಆದರೆ ಬಹಳ ನಿಧಾನ. ಇನ್ನೊಂದು ತೊಂದರೆಯೂ ಇದೆ. ಗ್ರೈಂಡರ್ ಒತ್ತಿ ಹಿಡಿದರೆ ಮೆತ್ತಗಿನ ಸ್ಟೀಲ್ ಹರಡಿಕೊಂಡು ಸೀಳಿನ ಬಾಯಿ ಮುಚ್ಚಿಬಿಡುತ್ತದೆ. ಆಮೇಲೆ ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಕೆಂಪು ಡೈ ಹಾಕಿ ನೋಡಿದರೆ ಡೈ ಒಳಗೆ ಇಳಿಯುವುದೇ ಇಲ್ಲ. ಕ್ಲೀನ್ ಇದೆ ಎಂದುಕೊಂಡು ಭಟ್ಟಿಗೆ ಹಾಕುತ್ತೀರಿ, ಫ್ಲೇಂಜಿನಲ್ಲಿ ಮತ್ತೆ ಗೆರೆ ಬರುತ್ತದೆ. ಗ್ರೈಂಡಿಂಗ್ ಆದ ಮೇಲೆ ಡೈ ನಂಬಬೇಡಿ, ಮ್ಯಾಗ್ನೆಟಿಕ್ ಟೆಸ್ಟನ್ನೇ ಮಾಡಿ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಎರಡನೆಯದು ಸ್ಕಾರ್ಫಿಂಗ್. ಗ್ಯಾಸ್ ಕಟಿಂಗ್ ಎಲ್ಲರಿಗೂ ಗೊತ್ತು. ಅದರಲ್ಲಿ ಆಕ್ಸಿಜನ್ ಧಾರೆ ನೇರ ಕೆಳಗೆ ಹೋಗಿ ಪ್ಲೇಟನ್ನು ಸೀಳುತ್ತದೆ. ಸ್ಕಾರ್ಫಿಂಗ್‌ನಲ್ಲಿ ಅದೇ ಧಾರೆಯನ್ನು ಸುಮಾರು 30 ಡಿಗ್ರಿ ಓರೆಯಾಗಿ ಹಿಡಿಯುತ್ತಾರೆ. ಮೇಲ್ಪದರ ಮಾತ್ರ ಉರಿದು ಮುಂದಕ್ಕೆ ಹರಿದು ಹೋಗುತ್ತದೆ, ತೆಳ್ಳಗಿನ ಅಗಲವಾದ ಕಾಲುವೆ ಉಳಿಯುತ್ತದೆ.

ಮೂರನೆಯದನ್ನು ತಂದವರು ಮಷಿನ್ ಮಾರುವವರು. ಲೇಸರ್ ಕ್ಲೀನಿಂಗ್ ಡೆಮೊ ಕೊಟ್ಟು ಹೋಗಿದ್ದರು. ತುಕ್ಕು ಹಿಡಿದ ಪ್ಲೇಟಿನ ಮೇಲೆ ಬೆಳಕು ಓಡಿಸಿದರೆ ತುಕ್ಕು ಹಾರಿ ಹೋಗಿ ಬಿಳಿ ಲೋಹ ಕಾಣುತ್ತದೆ, ನೋಡಲು ಬಹಳ ಚೆಂದ. ಮಾಲಕರು ನನ್ನನ್ನು ಕೇಳಿದರು: "ಲೇಸರ್ ಹಚ್ಚಿದ್ರ ಕ್ರ್ಯಾಕ್ ಹೋಗ್ತಾವಂತ ಹೇಳ್ಯಾರ. ಖರೇ ಏನ್ರಿ?"

ಕ್ಲೀನಿಂಗ್ ಲೇಸರ್ ತೆಗೆಯುವುದು ತುಕ್ಕು, ಪೇಂಟ್, ತೆಳ್ಳನೆಯ ಸ್ಕೇಲ್. 2 ಮಿಲಿಮೀಟರ್ ಆಳದ ಸೀಳು ಅದರ ಕೆಲಸವೇ ಅಲ್ಲ. ಆದರೆ ಲೇಸರ್ ಜೊತೆ ಆಕ್ಸಿಜನ್ ಸೇರಿದರೆ ವಿಷಯ ಬೇರೆ. ಆ ದಾರಿ ನಿಜವಾಗಿಯೂ ಇದೆ, ಅದಕ್ಕೆ ದೊಡ್ಡ ಇತಿಹಾಸವೂ ಇದೆ.

ಲೇಸರ್ ಮೊದಲು ಬೆಳಗಿದ್ದು 1960ರಲ್ಲಿ. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದವರು ಕುಮಾರ್ ಪಟೇಲ್. ಅವರು ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ, ಓದಿದ್ದು ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಹುಬ್ಬಳ್ಳಿಯಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಇಳಿಯುವ ಊರು ಪುಣೆ. ನಮ್ಮ ಹುಡುಗರಿಗೆ ಈ ಹೆಸರು ಇನ್ನಷ್ಟು ಗೊತ್ತಿರಬೇಕಿತ್ತು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಆ ಲೇಸರ್ ಬಂದ ಮೂರೇ ವರ್ಷಕ್ಕೆ, 1967ರಲ್ಲಿ, ಇಂಗ್ಲೆಂಡಿನಲ್ಲಿ ಪೀಟರ್ ಹೌಲ್ಡ್‌ಕ್ರಾಫ್ಟ್ ಮತ್ತು ಅವರ ಜೊತೆಯವರು ಸುಮಾರು 300 ವ್ಯಾಟ್‌ನ ಬೆಳಕಿಗೆ ಆಕ್ಸಿಜನ್ ಧಾರೆ ಜೋಡಿಸಿ ಸ್ಟೀಲ್ ಶೀಟ್ ಕತ್ತರಿಸಿ ತೋರಿಸಿದರು. ಅಷ್ಟು ಸಣ್ಣ ಲೇಸರ್‌ನಿಂದ ಸ್ಟೀಲ್ ಕಟ್ ಆಗಲು ಕಾರಣ ಆಕ್ಸಿಜನ್.

ಹೇಗೆ ಎಂದು ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಕಬ್ಬಿಣವನ್ನು ಮಾಮೂಲಿ ಬಿಸಿಯಿಂದ ಶುರುಮಾಡಿ ಪೂರ್ತಿ ಕರಗಿಸಲು ಸುಮಾರು 1.3 ಮೆಗಾಜೂಲ್ ಶಾಖ ಬೇಕು. ಅದೇ ಒಂದು ಕಿಲೋ ಕಬ್ಬಿಣ ಆಕ್ಸಿಜನ್‌ನಲ್ಲಿ ಉರಿದರೆ ಸುಮಾರು 4.9 ಮೆಗಾಜೂಲ್ ಶಾಖ ಹೊರಗೆ ಕೊಡುತ್ತದೆ. ಅಂದರೆ ಒಂದು ಕಿಲೋ ಉರಿದರೆ ಪಕ್ಕದ ಮೂರು ಕಿಲೋ ಕರಗಿಸುವಷ್ಟು ಶಾಖ. ಜೊತೆಗೆ ಹುಟ್ಟುವ ಆಕ್ಸೈಡ್ ಸುಮಾರು 1,375 ಡಿಗ್ರಿಗೆ ಕರಗುತ್ತದೆ, ಕಬ್ಬಿಣ ಕರಗುವುದು 1,538ಕ್ಕೆ. ಹಾಗಾಗಿ ಆಕ್ಸೈಡ್ ಗಟ್ಟಿಯಾಗಿ ಕೂರದೆ ನೀರಾಗಿ ಹರಿದು ಹೋಗುತ್ತದೆ, ಹೊಸ ಕಬ್ಬಿಣ ಆಕ್ಸಿಜನ್‌ಗೆ ಸಿಗುತ್ತದೆ. ಒಲೆ ಹೊತ್ತಿದ ಮೇಲೆ ಕಡ್ಡಿಪೆಟ್ಟಿಗೆಗೆ ಕೆಲಸವಿಲ್ಲ ಅಲ್ವಾ, ಇಲ್ಲಿ ಲೇಸರ್‌ನದೂ ಅಷ್ಟೇ ಪಾತ್ರ. ದೋಷವನ್ನು ತೆಗೆಯುವುದು ಆಕ್ಸಿಜನ್.

ಹಾಗಾದರೆ ಲೇಸರ್ ಯಾಕೆ? ಬರೀ ಗ್ಯಾಸಿನ ಜ್ವಾಲೆಯಿಂದ ಹಚ್ಚಿದರೆ ಆಗದೇ? ಆಗುತ್ತದೆ. ಆದರೆ ಎಲ್ಲ ತೊಂದರೆ ಇರುವುದು ಆ ಶುರುವಿನಲ್ಲೇ.

ಶುರುವಿನ ಗುಂಡಿ

ಆಕ್ಸಿಜನ್‌ನಲ್ಲಿ ಉರಿ ಹಿಡಿಯಲು ಸ್ಟೀಲ್ ಸುಮಾರು 900 ಡಿಗ್ರಿ ಆಗಬೇಕು, ಹೊಳೆಯುವ ಕೆಂಪು. ತಣ್ಣಗಿನ ಬಿಲೆಟ್ ಮೇಲೆ ಜ್ವಾಲೆ ಹಿಡಿದು ಕೂತರೆ ಆ ಕಾವು ಬರಲು ಹತ್ತು ಸೆಕೆಂಡೋ, ಹದಿನೈದೋ ಬೇಕು. ಅಷ್ಟರಲ್ಲಿ ಶಾಖ ಸುತ್ತಲೂ, ಕೆಳಗೂ ಹರಡಿರುತ್ತದೆ. ಆಮೇಲೆ ಆಕ್ಸಿಜನ್ ಲಿವರ್ ಒತ್ತಿದರೆ, ಕಾದಿದ್ದಷ್ಟೂ ಒಂದೇ ಏಟಿಗೆ ಉರಿದು ಗುಂಡಿ ಬೀಳುತ್ತದೆ.

ನಾವು ಒಂದು ಸ್ಕ್ರ್ಯಾಪ್ ತುಂಡಿನ ಮೇಲೆ ಹೀಗೇ ಮಾಡಿ ಉದ್ದಕ್ಕೆ ಕೊಯ್ದು ನೋಡಿದೆವು. ಕಾಲುವೆ ಉಳಿದ ಕಡೆ ಚೆನ್ನಾಗಿಯೇ ಇತ್ತು. ಶುರುವಾದ ಜಾಗದಲ್ಲಿ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ ಆಳ, ದಂಡೆ ಕಡಿದಾಗಿ ನಿಂತಿತ್ತು. ಇಂಥ ಕಡಿದಾದ ಗುಂಡಿ ಹ್ಯಾಮರ್ ಕೆಳಗೆ ಬಂದರೆ ದಂಡೆ ಮಡಚಿ ಒಳಗೆ ಬೀಳುತ್ತದೆ. ಅದೂ ಬಿರುಕೇ. ಹಳೆಯ ಸೀಳು ತೆಗೆಯಲು ಹೋಗಿ ಹೊಸದೊಂದನ್ನು ಮಾಡಿಟ್ಟಂತಾಗುತ್ತದೆ. ತೆಗೆದ ಕಾಲುವೆಯ ಅಗಲ ಆಳದ ನಾಲ್ಕು ಪಟ್ಟಿಗಿಂತ ಕಡಿಮೆ ಇರಬಾರದು, ಆರು ಪಟ್ಟು ಇದ್ದರೆ ನಿಶ್ಚಿಂತೆ.

ಲೇಸರ್ ಇಲ್ಲಿಯೇ ಉಪಯೋಗಕ್ಕೆ ಬರುವುದು. 3 ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್‌ನ ಮೂರನೇ ಒಂದು ಭಾಗ ಆಳದಷ್ಟು ಸ್ಟೀಲ್ ಕರಗಿಸಿದರೆ ಸಾಕು. ಅದರ ತೂಕ ಸುಮಾರು 20 ಮಿಲಿಗ್ರಾಂ, ಕರಗಿಸಲು ಬೇಕಾದ ಶಾಖ 25 ಜೂಲ್ ಆಸುಪಾಸು. ಒಂದು ಕಿಲೋವ್ಯಾಟ್ ಫೈಬರ್ ಲೇಸರ್ ಬಿಟ್ಟರೆ, ಅರ್ಧಕ್ಕಿಂತ ಜಾಸ್ತಿ ಬೆಳಕು ವಾಪಸ್ ಚಿಮ್ಮಿ ಹೋದರೂ, ಕಣ್ಣು ಮಿಟುಕಿಸುವಷ್ಟರಲ್ಲಿ ಹನಿ ತಯಾರು. ಶಾಖ ಸುತ್ತ ಹರಡಲು ಸಮಯವೇ ಸಿಗುವುದಿಲ್ಲ. ಆ ಹನಿಯ ಮೇಲೆ ಆಕ್ಸಿಜನ್ ಬಿದ್ದರೆ ಉರಿ ಅಲ್ಲಿಂದ ಬೀಸಣಿಗೆಯಂತೆ ಅಗಲವಾಗುತ್ತ ಹೋಗುತ್ತದೆ.

ಪರೀಕ್ಷೆ ಮಾಡಿದ್ದು ಪಕ್ಕದ ಫ್ಯಾಬ್ರಿಕೇಶನ್ ಶಾಪಿನ ಕೈಯಲ್ಲಿ ಹಿಡಿಯುವ ಲೇಸರ್ ವೆಲ್ಡಿಂಗ್ ಮಷಿನ್‌ನಿಂದ. ಕೈಯಲ್ಲಿ ಹಿಡಿಯಲಿಲ್ಲ, ಸ್ಟ್ಯಾಂಡಿಗೆ ಕಟ್ಟಿದೆವು. ಈ ಮಷಿನ್‌ಗೆ ಒಂದು ಸುರಕ್ಷತೆ ಇರುತ್ತದೆ: ಜಾಬಿಗೆ (ಕೆಲಸ ಮಾಡುವ ತುಂಡಿಗೆ) ಕ್ಲಿಪ್ ಹಾಕಿ, ತಾಮ್ರದ ನಾಝಲ್ ಜಾಬಿಗೆ ತಾಗಿದರೆ ಮಾತ್ರ ಬೆಳಕು ಬರುತ್ತದೆ. ಅದನ್ನು ಬೈಪಾಸ್ ಮಾಡೋಣ ಎಂದು ಒಬ್ಬ ಹುಡುಗ ಹೇಳಿದ. ಬೇಡವೇ ಬೇಡ ಎಂದೆ. ಫೈಬರ್ ಲೇಸರ್‌ನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ನೇರ ಕಣ್ಣಿನ ಹಿಂದಿನ ಪರದೆಗೆ ಹೋಗಿ ಸುಡುತ್ತದೆ. ಬಿಲೆಟ್‌ನ ಹೊಳೆಯುವ ಮೈಯಿಂದ ಚಿಮ್ಮಿದ ಬೆಳಕೂ ಸಾಕು. ವೆಲ್ಡಿಂಗ್‌ನ ಕಪ್ಪು ಗ್ಲಾಸ್ ಇದಕ್ಕೆ ನಡೆಯುವುದಿಲ್ಲ, ಆ ಲೇಸರ್‌ನ ತರಂಗಕ್ಕೆಂದೇ ಗುರುತು ಹಾಕಿದ ಕನ್ನಡಕ ಬೇಕು. ಸುತ್ತ ತಗಡಿನ ಮರೆ ಕಟ್ಟಿ, ಕನ್ನಡಕ ಇದ್ದವರನ್ನು ಮಾತ್ರ ಒಳಗೆ ಬಿಟ್ಟೆವು. ಆಕ್ಸಿಜನ್ ರೆಗ್ಯುಲೇಟರ್ ಹತ್ತಿರ ಎಣ್ಣೆ ಕೈ ತರಬಾರದು ಎಂದೂ ಮತ್ತೆ ಹೇಳಿದೆ. ಫೋರ್ಜಿಂಗ್ ಶಾಪಿನಲ್ಲಿ ಎಣ್ಣೆ ಇಲ್ಲದ ಕೈ ಹುಡುಕುವುದೇ ಕಷ್ಟ.

ಸ್ಕಾರ್ಫಿಂಗ್ ಟಾರ್ಚನ್ನು ಬೇರೆಯಾಗಿ ಓರೆ ಹಿಡಿದು, ಸಣ್ಣ ಜ್ವಾಲೆ ಇಟ್ಟೆವು. ಲೆಕ್ಕದ ಪ್ರಕಾರ ಜ್ವಾಲೆ ಬೇಡವೇ ಬೇಡ. ಆದರೆ ತಣ್ಣಗಿನ ಬಿಲೆಟ್ ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಮೇಲಿನ ಸ್ಕೇಲ್ ಕೂಡ ಅಡ್ಡ ಬರುತ್ತದೆ. ಮೊದಮೊದಲು ಹೊಂದಿಕೆ ಸಿಗಲಿಲ್ಲ. ಆಕ್ಸಿಜನ್ ತಡವಾದರೆ ಹನಿ ಗಟ್ಟಿಯಾಗುತ್ತಿತ್ತು, ಜೋರಾದರೆ ಹನಿಯೇ ಹಾರಿ ಹೋಗುತ್ತಿತ್ತು. ಲೇಸರ್ ಇನ್ನೂ ಉರಿಯುತ್ತಿರುವಾಗಲೇ ಆಕ್ಸಿಜನ್ ಮೆಲ್ಲಗೆ ತೆರೆದು, ಉರಿ ಹಿಡಿದ ಮೇಲೆ ಲೇಸರ್ ನಿಲ್ಲಿಸಿದಾಗ ಸರಿಯಾಯಿತು. ಕಾಲುವೆ ಶುರುವಾದ ಜಾಗದಲ್ಲಿ ಗುಂಡಿ ಇಲ್ಲ. ಕೊಯ್ದು ನೋಡಿದರೆ ಮೆಲ್ಲಗೆ ಇಳಿದ ಇಳಿಜಾರು, ಆಮೇಲೆ ಒಂದೇ ಸಮ ಆಳ.

ಸ್ಕಾರ್ಫಿಂಗ್ ನಡೆಯುವಾಗ ನೋಡಬೇಕಾದ್ದು ಒಂದಿದೆ. ಕರಗಿದ ಲೋಹದ ಮಧ್ಯೆ ಸೀಳು ಒಂದು ಗೆರೆಯಾಗಿ ಕಾಣುತ್ತಲೇ ಇರುತ್ತದೆ. ಸುತ್ತಲಿನ ಹೊಳಪಿಗಿಂತ ಅದರ ಹೊಳಪು ಬೇರೆ. ಟಾರ್ಚ್ ಹಿಡಿದವನು ಆ ಗೆರೆ ಮಾಯವಾಗುವವರೆಗೆ ಇಳಿಯಬೇಕು, ಮಾಯವಾದ ತಕ್ಷಣ ಮೇಲೆ ಬರಬೇಕು. ಎಷ್ಟು ಆಳ ಎಂದು ಹೇಳಲು ಸ್ಕೇಲ್‌ಪಟ್ಟಿ ಬೇಕಿಲ್ಲ, ಕಣ್ಣು ಪಳಗಿದ್ದರೆ ಸಾಕು.

ನಿರ್ಧಾರ

ಮಾಲಕರಿಗೆ ಲೇಸರ್ ಹಿಡಿಸಿತು. ಆದರೂ ಅವರು ವ್ಯಾಪಾರಸ್ಥರು: "ನಮ್ಮಲ್ಲಿ ದಿನಕ್ಕ ಇಂಥಾ ಸೀಳು ಎಷ್ಟ್ ಬರ್ತಾವ್ರಿ?" ಬೆರಳಲ್ಲಿ ಎಣಿಸುವಷ್ಟು. ಮಷಿನ್, ಕನ್ನಡಕ, ಮುಚ್ಚಿದ ಕೋಣೆ, ಸಿಡಿತಕ್ಕೆ ಮೇಲಿಂದ ಮೇಲೆ ಕಪ್ಪಾಗುವ ರಕ್ಷಣಾ ಗ್ಲಾಸ್, ಇಷ್ಟೆಲ್ಲ ಖರ್ಚು ಆ ಲೆಕ್ಕಕ್ಕೆ ಹೊಂದುವುದಿಲ್ಲ.

ಅದೇ ಹೊತ್ತಿಗೆ ಗ್ಯಾಸ್ ಕಟಿಂಗ್ ಮಾಡುವ ಹಿರಿಯರು ಬಾಯಿ ಬಿಟ್ಟರು. ಎಲ್ಲರೂ ಕಾಕಾ ಎಂದು ಕರೆಯುವ ಮನುಷ್ಯ. ಪರೀಕ್ಷೆ ಪೂರ್ತಿ ಮೂಲೆಯಲ್ಲಿ ಕನ್ನಡಕ ಹಾಕಿ ನಿಂತು ನೋಡಿದ್ದರು. "ಹನಿ ಬೀಳಬೇಕು ಅಷ್ಟ ಹೌದಲ್ರಿ? ನಾವು ಮೊದಲ ರಾಡ್ ಹಚ್ಚಿ ಶುರು ಮಾಡ್ತಿದ್ವಿ. ಈಗಿನ ಹುಡುಗ್ರು ಬಿಟ್ಟಾರ."

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ತೆಳ್ಳಗಿನ ಮೈಲ್ಡ್ ಸ್ಟೀಲ್ ರಾಡಿನ ತುದಿಯನ್ನು ಜ್ವಾಲೆಗೆ ಹಿಡಿದರೆ ಅದು ಕ್ಷಣದಲ್ಲಿ ಕರಗುತ್ತದೆ, ಏಕೆಂದರೆ ಶಾಖ ಎಳೆದುಕೊಳ್ಳಲು ಅದಕ್ಕೆ ಮೈಯೇ ಇಲ್ಲ. ಆ ಹನಿ ಸೀಳಿನ ತುದಿಯ ಮೇಲೆ ಬಿದ್ದ ಕೂಡಲೇ ಆಕ್ಸಿಜನ್ ಕೊಟ್ಟರೆ ಬಿಲೆಟ್ಟನ್ನು ಕಾಯಿಸುತ್ತ ಕೂರುವ ಗೋಜೇ ಇಲ್ಲ. ಲೇಸರ್ ಮಾಡುವ ಕೆಲಸವನ್ನೇ ಬೇರೆ ದಾರಿಯಲ್ಲಿ ಮಾಡಿದಂತೆ. ಕಾಕಾ ಮಾಡಿ ತೋರಿಸಿದರು. ಕೊಯ್ದು ನೋಡಿದೆವು. ಲೇಸರ್‌ನಷ್ಟು ನಯ ಅಲ್ಲ, ಆದರೆ ಗುಂಡಿ ಇರಲಿಲ್ಲ. ಅಗಲ ಆಳದ ಆರು ಪಟ್ಟಿಗಿಂತ ಜಾಸ್ತಿಯೇ ಇತ್ತು. ಈ ಕೈಚಳಕ ಅವರ ಜೊತೆಗೇ ಹೋಗಿಬಿಡುತ್ತಿತ್ತಲ್ಲ ಎಂದು ನನಗೆ ಕಳವಳವಾಯಿತು. ಈಗ ಅವರ ಕೈಕೆಳಗೆ ಇಬ್ಬರು ಹುಡುಗರು ಕಲಿಯುತ್ತಿದ್ದಾರೆ.

ಲೇಸರ್ ನಿಜಕ್ಕೂ ಬೇಕಾಗುವುದು ದೊಡ್ಡ ಮಿಲ್ಲಿನಲ್ಲಿ, ಸ್ಲ್ಯಾಬ್ (ಸ್ಟೀಲಿನ ದಪ್ಪ ಹಲಗೆ) ನಿಲ್ಲದೆ ಓಡುವ ಕಡೆ. ನಿಮಿಷಕ್ಕೆ 10 ಮೀಟರ್ ಓಡುವ ಸ್ಟೀಲ್ ಮೇಲೆ ಹತ್ತು ಸೆಕೆಂಡ್ ಜ್ವಾಲೆ ಹಿಡಿಯಲು ಹೋದರೆ ಅಷ್ಟರಲ್ಲಿ ಸುಮಾರು 1.7 ಮೀಟರ್ ದಾಟಿ ಹೋಗಿರುತ್ತದೆ, ದೋಷ ಎಲ್ಲೋ, ಜ್ವಾಲೆ ಎಲ್ಲೋ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಹನಿ ಮಾಡುವ ಲೇಸರ್ ಇದ್ದರೆ ದಾಟುವುದು ಎರಡು ಸೆಂಟಿಮೀಟರ್‌ಗೂ ಕಡಿಮೆ. ದೋಷ ಇದ್ದಲ್ಲಿ ಮಾತ್ರ ತೆಗೆದು, ಉಳಿದದ್ದನ್ನು ಮುಟ್ಟದೆ ಬಿಡಬಹುದು.

ದೋಷ ಇದ್ದಲ್ಲಿ ಮಾತ್ರ ತೆಗೆಯುವುದು ಯಾಕೆ ಮುಖ್ಯ ಎಂದು ಮಾಲಕರಿಗೆ ಲೆಕ್ಕ ಬರೆದು ತೋರಿಸಿದೆ. 100 ಮಿಲಿಮೀಟರ್ ಚೌಕದ ಬಿಲೆಟ್, ಒಂದು ಮೀಟರ್ ಉದ್ದ, ತೂಕ 78.5 ಕಿಲೋ. ನಾಲ್ಕೂ ಮುಖದಿಂದ 3 ಮಿಲಿಮೀಟರ್ ತೆಗೆದರೆ 9 ಕಿಲೋಗೂ ಜಾಸ್ತಿ ಮಾಲು ಸ್ಲ್ಯಾಗ್ ಆಗಿ ಹೋಗುತ್ತದೆ. ಅದೇ ಒಂದು ಸೀಳಿಗೆ 300 ಮಿಲಿಮೀಟರ್ ಉದ್ದ, 30 ಅಗಲ, 2 ಆಳದ ಕಾಲುವೆ ಸಾಕಾದರೆ ಹೋಗುವುದು 140 ಗ್ರಾಂ ಆಸುಪಾಸು. ಎಲ್ಲ ಬಿಲೆಟ್ಟನ್ನೂ ಸುತ್ತ ಕೆರೆದುಬಿಡೋಣ ಎಂಬ ಮಾತು ಅಲ್ಲಿಗೇ ನಿಂತಿತು.

ಈಗ ಅಲ್ಲಿ ನಡೆಯುವುದು ಹೀಗೆ. ಪ್ರತಿ ಹೀಟಿನಿಂದ ಕೆಲವು ತುಂಡುಗಳು ಮೊದಲು ಆಸಿಡ್ ತೊಟ್ಟಿಗೆ ಹೋಗುತ್ತವೆ. ಸೀಳು ಕಂಡರೆ ಆ ಹೀಟ್ ಪೂರ್ತಿ ಮ್ಯಾಗ್ನೆಟಿಕ್ ಟೆಸ್ಟಿಗೆ. ಅರ್ಧ ಮಿಲಿಮೀಟರ್ ಒಳಗಿದ್ದರೆ ಗ್ರೈಂಡರ್, ಅದಕ್ಕಿಂತ ಆಳವಾದರೆ ರಾಡ್ ಹಚ್ಚಿ ಸ್ಕಾರ್ಫಿಂಗ್. ಆಮೇಲೆ ಕಾಲುವೆಯ ಎರಡೂ ಬದಿಗೆ ಅಂಟಿಕೊಂಡ ರೆಕ್ಕೆಯಂಥ ಫಿನ್‌ಗಳನ್ನು ಚಿಪ್ಪಿಂಗ್ ಹ್ಯಾಮರ್‌ನಿಂದ ಹೊಡೆದು, ಗ್ರೈಂಡರ್‌ನಿಂದ ಸವರಲೇಬೇಕು. ಫಿನ್ ಬಿಟ್ಟರೆ ಅದೂ ಹ್ಯಾಮರ್ ಕೆಳಗೆ ಮಡಚಿಕೊಳ್ಳುತ್ತದೆ. ಕೊನೆಗೆ ಮತ್ತೊಮ್ಮೆ ಮ್ಯಾಗ್ನೆಟಿಕ್ ಟೆಸ್ಟ್. ಫ್ಲೇಂಜ್ ಕುತ್ತಿಗೆಯ ಗೆರೆ ನಿಂತಿದೆ. ಮಿಲ್ಲಿಗೆ ಕೊಡುವ ಆರ್ಡರಿನಲ್ಲಿ ಮೇಲ್ಮೈ ಸೀಳಿನ ಆಳಕ್ಕೆ ಮಿತಿ ಬರೆಯಲು ಶುರುಮಾಡಿದ್ದಾರೆ. ಇದನ್ನು ಮೊದಲೇ ಬರೆಯಬೇಕಿತ್ತು, ಈ ಲೈನಿನಲ್ಲಿ ಬಹಳ ಜನ ಬರೆಯುವುದಿಲ್ಲ.

ಎರಡು ಕಡೆ ಈ ದಾರಿ ನಡೆಯುವುದಿಲ್ಲ. ಒಂದು ಸ್ಟೇನ್‌ಲೆಸ್. ಅದರಲ್ಲಿನ ಕ್ರೋಮಿಯಂ ಆಕ್ಸೈಡ್ ಕರಗಲು 2,400 ಡಿಗ್ರಿ ದಾಟಬೇಕು. ಅದು ಹರಿಯದೆ ಮೇಲೆ ಮುಚ್ಚಳದಂತೆ ಕೂತು ಉರಿ ನಿಲ್ಲಿಸುತ್ತದೆ. ಧಾರೆಯಲ್ಲಿ ಕಬ್ಬಿಣದ ಪುಡಿ ಬೆರೆಸುವ ವ್ಯವಸ್ಥೆ ಇದ್ದರೆ ಬೇರೆ ಮಾತು, ಈ ಯುನಿಟ್ಟಿನಲ್ಲಿ ಅದಿಲ್ಲ. ಅಲ್ಲಿ ಸ್ಟೇನ್‌ಲೆಸ್‌ಗೆ ಗ್ರೈಂಡರ್ ಮಾತ್ರ.

ಇನ್ನೊಂದು ಇಎನ್ 8ರಂಥ ಜಾಸ್ತಿ ಕಾರ್ಬನ್ ಇರುವ ಸ್ಟೀಲ್. ಫ್ಲೇಂಜ್ ಮಾಡುವ ಎ105 ಎಂಬ ಸ್ಟೀಲಿನಲ್ಲಿ ಕಾರ್ಬನ್ ಶೇಕಡಾ 0.35ರ ಒಳಗೆ, ಇಎನ್ 8ರಲ್ಲಿ ಶೇಕಡಾ 0.40ರ ಆಸುಪಾಸು. ತಣ್ಣಗಿನ ಇಎನ್ 8 ಮೇಲೆ ಸ್ಕಾರ್ಫಿಂಗ್ ಮಾಡಿದರೆ ಕಾಲುವೆಯ ಕೆಳಗಿನ ಪದರ ದಿಢೀರ್ ಕಾದು ದಿಢೀರ್ ಆರಿ ಗಡಸಾಗುತ್ತದೆ, ಸಣ್ಣ ಬಿರುಕು ಬಿಡುತ್ತದೆ. ಗಡಸು ಭಟ್ಟಿಯಲ್ಲಿ ಹೋಗುತ್ತದೆ, ಬಿರುಕು ಹೋಗುವುದಿಲ್ಲ. ಮೊದಲೇ ಬಿಲೆಟ್ಟನ್ನು ಬೆಚ್ಚಗೆ ಮಾಡಿಕೊಂಡರೆ ಈ ತೊಂದರೆ ಇಲ್ಲ. ಅದಕ್ಕೊಂದು ಸಣ್ಣ ಒವನ್ ಕಟ್ಟಿಸುತ್ತಿದ್ದಾರೆ. ಅದು ತಯಾರಾಗುವವರೆಗೆ ಇಎನ್ 8 ಬಿಲೆಟ್ ಮೇಲೆ ಟಾರ್ಚ್ ಹಚ್ಚಬಾರದು ಎಂದು ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೇವೆ. ಆ ಬಿಲೆಟ್‌ಗಳ ತುದಿಗೆ ಹಳದಿ ಬಣ್ಣ ಬಳಿದು ಬೇರೆ ರ್‍ಯಾಕಿಗೆ ಹಾಕಿದ್ದಾರೆ.